ಹದಿಹರೆಯದ ಕೈಗೆ ಚಾಕು ಬರುವ ಮುನ್ನ ನಡೆಯುವುದೇನು?

2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಒಂದು ಬಡಾವಣೆಯಲ್ಲಿ ಮಕ್ಕಳ ನಡುವೆ ಸಣ್ಣ ಮಾತಿಗೆ ಜಗಳ ಹತ್ತಿತು. ಇನ್ನೂ ಹೈಸ್ಕೂಲು ಕಾಣದ ಬಾಲಕನೊಬ್ಬ ಮನೆಯಿಂದ ಚಾಕು ತಂದು, ತನ್ನ ಜೊತೆಗೇ ಆಡಿಕೊಂಡಿದ್ದ ನೆರೆಯ ಹುಡುಗನಿಗೆ ಇರಿದ ಎಂದು ಪೊಲೀಸರು ಹೇಳಿದರು. ಇರಿತಕ್ಕೊಳಗಾದ ಹುಡುಗ ಉಳಿಯಲಿಲ್ಲ. ಅದಕ್ಕೂ ಕೆಲವು ವಾರಗಳ ಹಿಂದೆ ಕೇರಳದ ತಾಮರಶ್ಶೇರಿಯಲ್ಲಿ ಹತ್ತನೇ ತರಗತಿಯ ವಿದ್ಯಾರ್ಥಿಯೊಬ್ಬ ತನ್ನ ಓರಗೆಯ ಹುಡುಗರ ಹೊಡೆತಕ್ಕೆ ಬಲಿಯಾಗಿದ್ದ. ಆಗಸ್ಟ್‌ನಲ್ಲಿ ಅಹಮದಾಬಾದಿನಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಹತ್ತನೇ ತರಗತಿಯವನಿಗೆ ಚೂರಿ ಹಾಕಿದ ಆರೋಪ ಬಂತು. ಆ ಹುಡುಗನೂ ಸತ್ತ. ಸಿಟ್ಟಿಗೆದ್ದ ಜನ ಶಾಲೆಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಪುಡಿ ಮಾಡಿದರು.

ಇಂಥ ಸುದ್ದಿ ಬಂದಾಗಲೆಲ್ಲ ಮೂರು ತೀರ್ಪುಗಳು ಸಿದ್ಧವಾಗಿರುತ್ತವೆ. ಮೊಬೈಲ್ ಮಕ್ಕಳನ್ನು ಕೆಡಿಸಿತು ಎಂಬುದು ಒಂದು. ಹೆತ್ತವರು ಬೆಳೆಸಿದ ರೀತಿಯೇ ಸರಿಯಿಲ್ಲ ಎಂಬುದು ಇನ್ನೊಂದು. ದೊಡ್ಡವರ ಅಪರಾಧ ಮಾಡಿದವನಿಗೆ ದೊಡ್ಡವರ ಶಿಕ್ಷೆಯನ್ನೇ ಕೊಡಿ ಎಂಬುದು ಮೂರನೆಯದು. ಮೂರರಲ್ಲೂ ಒಂದೊಂದು ತುಣುಕು ಸತ್ಯವಿದೆ. ಆದರೆ ಮೊಬೈಲ್ ಕೋಟ್ಯಂತರ ಮಕ್ಕಳ ಕೈಯಲ್ಲಿದೆ, ಕೆಟ್ಟ ಮನೆ ವಾತಾವರಣ ಲಕ್ಷಾಂತರ ಮಕ್ಕಳ ಪಾಲಿಗಿದೆ. ಕೊಲೆಯವರೆಗೆ ಹೋಗುವವರು ಬೆರಳೆಣಿಕೆಯವರು. ಹಾಗಾದರೆ ಆ ಕೆಲವರ ವಿಷಯದಲ್ಲಿ ಏನೇನು ಒಂದರ ಮೇಲೊಂದು ಬಂದು ಸೇರುತ್ತದೆ, ಯಾವ ಹಂತದಲ್ಲಿ ಯಾರಾದರೂ ಅದನ್ನು ಕಡಿಯಬಹುದಿತ್ತು ಎಂದು ನೋಡುವುದು ಈ ಲೇಖನದ ಉದ್ದೇಶ.

ಅಂಕಿ ಅಂಶ ಹೇಳುವ ಎರಡು ಮಾತು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿ ವರ್ಷ ಬಾಲಾಪರಾಧದ ಲೆಕ್ಕವನ್ನೂ ಕೊಡುತ್ತದೆ. 2016ರಲ್ಲಿ ದೇಶದಲ್ಲಿ 18 ವರ್ಷದೊಳಗಿನವರ ಮೇಲೆ ದಾಖಲಾದ ಪ್ರಕರಣಗಳು 35,849. 2022ರಲ್ಲಿ ಅದು 30,555ಕ್ಕೆ ಇಳಿದಿತ್ತು, 2023ರಲ್ಲಿ 31,365ಕ್ಕೆ ಏರಿತು. ಒಂದು ಲಕ್ಷ ಮಕ್ಕಳಿಗೆ ಸುಮಾರು ಏಳು ಪ್ರಕರಣ. ಅಂದರೆ ‘ಮಕ್ಕಳೆಲ್ಲ ಹಾಳಾಗಿ ಹೋದರು’ ಎಂಬ ಕೂಗಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಆದರೆ ನೆಮ್ಮದಿಯ ನಿಟ್ಟುಸಿರಿಗೂ ಆಧಾರವಿಲ್ಲ. ಒಟ್ಟು ಸಂಖ್ಯೆ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿದ್ದರೂ ಅದರೊಳಗೆ ಕೊಲೆ, ಕೊಲೆ ಯತ್ನ, ಗಂಭೀರ ಹಲ್ಲೆ, ಅತ್ಯಾಚಾರ, ದರೋಡೆಯಂಥ ಹಿಂಸಾತ್ಮಕ ಅಪರಾಧಗಳ ಪಾಲು ಕಳೆದ ದಶಕದಲ್ಲಿ ಏರುತ್ತ ಬಂದಿದೆ. ಕಳ್ಳತನ ಮಾಡಿ ಸಿಕ್ಕಿಬೀಳುವ ಹುಡುಗರ ಪಕ್ಕದಲ್ಲಿ ಇರಿದು ಸಿಕ್ಕಿಬೀಳುವ ಹುಡುಗರು ಹೆಚ್ಚುತ್ತಿದ್ದಾರೆ. ಹೀಗಾಗಿ ಒಟ್ಟು ಅಪರಾಧ ಹೆಚ್ಚಿಲ್ಲ ಎನ್ನುವವರದೂ, ಹಿಂಸೆ ಹೆಚ್ಚಿದೆ ಎನ್ನುವವರದೂ ಮಾತು ಏಕಕಾಲಕ್ಕೆ ಸರಿಯಾಗಿರುತ್ತದೆ. ಓದುಗರ ಗೊಂದಲದ ಅರ್ಧ ಭಾಗ ಇಲ್ಲಿಂದಲೇ ಹುಟ್ಟುತ್ತದೆ.

ಇದೇ ದಾಖಲೆಯಲ್ಲಿ ಹೆಚ್ಚು ಜನ ಗಮನಿಸದ ಎರಡು ಸಂಗತಿಗಳಿವೆ. ಸಿಕ್ಕಿಬಿದ್ದವರಲ್ಲಿ ಐವರಿಗೆ ನಾಲ್ವರಂತೆ 16ರಿಂದ 18ರ ವಯಸ್ಸಿನವರು, ಮತ್ತು ಬಹುಪಾಲು ಹುಡುಗರು. ಹುಬ್ಬಳ್ಳಿಯಂಥ ಪ್ರಕರಣ ನಮ್ಮನ್ನು ಬೆಚ್ಚಿಬೀಳಿಸುವುದು ಅದು ಅಪರೂಪ ಎಂಬ ಕಾರಣಕ್ಕೇ. ಎರಡನೆಯದು, ಈ ಮಕ್ಕಳಲ್ಲಿ ಶೇ 80ಕ್ಕಿಂತ ಹೆಚ್ಚಿನವರು ತಂದೆ ತಾಯಿಯ ಜೊತೆಗೇ ಇರುವವರು. ಬೀದಿಪಾಲಾದ, ದಿಕ್ಕಿಲ್ಲದ ಮಕ್ಕಳೇ ಅಪರಾಧಕ್ಕೆ ಇಳಿಯುತ್ತಾರೆ ಎಂಬ ಹಳೆಯ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಮನೆಯಿದೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರೂ ಇರಬಹುದು. ಹಾಗಿದ್ದೂ ಅವರ ಬದುಕಿನಲ್ಲಿ ಏನು ನಡೆಯುತ್ತಿದೆ ಎಂದು ಬಲ್ಲ ಹಿರಿಯರು ಯಾರೂ ಇಲ್ಲ.

ತಾಮರಶ್ಶೇರಿಯ ನಾಲ್ಕು ದಿನ

ಕೋಳಿಕ್ಕೋಡ್ ಜಿಲ್ಲೆಯ ತಾಮರಶ್ಶೇರಿಯ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಿಂಸೆ ಹೇಗೆ ಹಂತ ಹಂತವಾಗಿ ಕಟ್ಟಿಕೊಳ್ಳುತ್ತದೆ ಎಂಬುದು ಅಲ್ಲಿ ತುಂಬ ಸ್ಪಷ್ಟವಾಗಿ ಕಾಣುತ್ತದೆ.

2025ರ ಫೆಬ್ರುವರಿ ಕೊನೆಯ ವಾರ. ಟ್ಯೂಷನ್ ಕೇಂದ್ರವೊಂದರಲ್ಲಿ ಹತ್ತನೇ ತರಗತಿಯವರ ಬೀಳ್ಕೊಡುಗೆ. ಬೇರೆ ಬೇರೆ ಶಾಲೆಗಳ ಮಕ್ಕಳು ಅಲ್ಲಿ ಒಟ್ಟಿಗೆ ಓದುತ್ತಿದ್ದರು. ಒಂದು ತಂಡ ಕುಣಿಯುತ್ತಿರುವಾಗ ಹಾಡು ಬರುತ್ತಿದ್ದ ಫೋನು ಕೈಕೊಟ್ಟು ಕುಣಿತ ಅರ್ಧಕ್ಕೇ ನಿಂತಿತು. ಇನ್ನೊಂದು ಶಾಲೆಯ ಹುಡುಗರು ಕೂಗಿ ಗೇಲಿ ಮಾಡಿದರು. ಮಾತಿಗೆ ಮಾತು ಬೆಳೆಯಿತು, ಶಿಕ್ಷಕರು ಬಿಡಿಸಿ ಕಳುಹಿಸಿದರು. ಹಿರಿಯರ ಲೆಕ್ಕದಲ್ಲಿ ಜಗಳ ಅಲ್ಲಿಗೆ ಮುಗಿಯಿತು.

ಹುಡುಗರ ಲೆಕ್ಕದಲ್ಲಿ ಅದು ಶುರುವಾದದ್ದೇ ಆಮೇಲೆ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಗುಂಪುಗಳಲ್ಲಿ ಪರಸ್ಪರ ಸವಾಲುಗಳು ಹರಿದಾಡಿದವು. ಯಾರು ಬರಬೇಕು, ಎಲ್ಲಿ ಸೇರಬೇಕು ಎಂದು ಗೊತ್ತಾಯಿತು. ನಾಲ್ಕು ದಿನಗಳ ಬಳಿಕ ಟ್ಯೂಷನ್ ಕೇಂದ್ರದ ಹತ್ತಿರ ಎರಡೂ ಗುಂಪು ಎದುರಾದವು. ತಲೆಗೆ ಬಿದ್ದ ಪೆಟ್ಟು ಹೊರಗೆ ಕಾಣುವಂತಿರಲಿಲ್ಲ. ಹುಡುಗ ಮನೆ ಸೇರಿದ. ರಾತ್ರಿ ಸ್ಥಿತಿ ಬಿಗಡಾಯಿಸಿ ಆಸ್ಪತ್ರೆಗೆ ಸೇರಿಸಿದರು. ಮಾರ್ಚ್ 1ರಂದು ಅವನು ಸತ್ತ. ಗುಂಪು ಜಗಳದಲ್ಲಿ ಯಾರಾದರೂ ಸತ್ತರೆ ಪೊಲೀಸರು ಕೇಸು ಹಾಕುವುದಿಲ್ಲ ಎಂಬ ಅರ್ಥದ ಧ್ವನಿ ಸಂದೇಶವೊಂದು ಆಮೇಲೆ ಹೊರಬಿದ್ದು ಇಡೀ ಕೇರಳ ದಂಗಾಯಿತು.

ಇಲ್ಲಿ ಕಾರಣಗಳು ಯಾವ ಕ್ರಮದಲ್ಲಿ ಬಂದವು ನೋಡಿ. ಮೊದಲು ಎಲ್ಲರೆದುರು ಆದ ಅವಮಾನ. ಆಮೇಲೆ ಆ ಅವಮಾನವನ್ನು ಆರಲು ಬಿಡದ, ಹಗಲು ರಾತ್ರಿ ನೋಡುತ್ತಲೇ ಇರುವ ಒಂದು ಸಭೆ. ಅದರಿಂದಾಗಿ ಹಿಂದೆ ಸರಿಯುವುದೇ ಇನ್ನೊಂದು ಅವಮಾನವಾಗುವ ಸ್ಥಿತಿ. ಹೊಣೆ ಒಬ್ಬನ ಮೇಲೆ ಬೀಳದಂತೆ ಮಾಡಿದ ಗುಂಪು. ಕಾನೂನಿನ ಬಗ್ಗೆ ಪೂರ್ತಿ ತಪ್ಪು ತಿಳಿವಳಿಕೆ. ಕೊನೆಗೆ ಕೈಗೆ ಸಿಕ್ಕ ಆಯುಧ. ಇದರಲ್ಲಿ ಯಾವುದೊಂದು ಇಲ್ಲದಿದ್ದರೂ ಆ ಸಂಜೆ ಬಹುಶಃ ಮೂಗೇಟುಗಳಲ್ಲಿ ಮುಗಿಯುತ್ತಿತ್ತು. ನಾಲ್ಕು ದಿನವೂ ಹತ್ತಾರು ಮಕ್ಕಳಿಗೆ ಗೊತ್ತಿದ್ದ ಸಂಗತಿ ತಡೆಯಬಲ್ಲ ಹಿರಿಯರ ಕಿವಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ.

ತಿಳಿವಳಿಕೆ ಮೊದಲು ಬರುತ್ತದೆ, ಸಂಯಮ ತಡವಾಗಿ

‘ಹದಿನಾರರ ಹುಡುಗನಿಗೆ ಎಲ್ಲ ಗೊತ್ತಾಗುತ್ತದೆ, ಮೊಬೈಲಿನಲ್ಲಿ ಪ್ರಪಂಚವನ್ನೇ ನೋಡುತ್ತಾನೆ’ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಆ ಮಾತು ನಿಜ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು ಭಾರತವೂ ಸೇರಿ 11 ದೇಶಗಳ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದ್ದಾರೆ. ಶಾಂತವಾಗಿ ಕೂತು ಯೋಚಿಸುವ, ಸರಿ ತಪ್ಪು ತೂಗುವ ಶಕ್ತಿ ಸುಮಾರು 16ನೇ ವಯಸ್ಸಿಗೆ ದೊಡ್ಡವರ ಮಟ್ಟ ಮುಟ್ಟುತ್ತದೆ. ಆದರೆ ಸಿಟ್ಟು, ಉದ್ವೇಗ, ಗೆಳೆಯರ ಒತ್ತಡ ಇದ್ದಾಗ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ 18 ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಮುಂದಾಲೋಚನೆಯನ್ನು ನೋಡಿಕೊಳ್ಳುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ದಶಕದ ನಡುವಿಗೆ. ಆದರೆ ರೋಮಾಂಚನಕ್ಕೆ, ಮೆಚ್ಚುಗೆಗೆ ತಟ್ಟನೆ ಸ್ಪಂದಿಸುವ ಭಾಗ ಮೈನೆರೆಯುವ ವಯಸ್ಸಿನಲ್ಲೇ ಚುರುಕಾಗಿಬಿಟ್ಟಿರುತ್ತದೆ.

ಇದೇ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತುಂಬ ಸರಳ. ಪರದೆಯ ಮೇಲೆ ಕಾರು ಓಡಿಸುವ ಆಟ, ಹಳದಿ ದೀಪ ಬಿದ್ದಾಗ ನಿಲ್ಲಿಸಬೇಕೋ ನುಗ್ಗಬೇಕೋ ತೀರ್ಮಾನಿಸಬೇಕು. ಒಬ್ಬಂಟಿಯಾಗಿ ಆಡಿದಾಗಿಗಿಂತ ಗೆಳೆಯರು ಹಿಂದೆ ನಿಂತು ನೋಡುತ್ತಿದ್ದಾಗ ಹದಿಹರೆಯದವರು ಕಂಡ ಕಂಡಂತೆ ನುಗ್ಗತೊಡಗಿದರು. 24 ದಾಟಿದ ವಯಸ್ಕರ ಮೇಲೆ ಗೆಳೆಯರ ಇರವು ಹೇಳಿಕೊಳ್ಳುವಂಥ ಪರಿಣಾಮ ಬೀರಲಿಲ್ಲ. ಹದಿಹರೆಯದವರ ಹಿಂಸೆ ಹೆಚ್ಚಾಗಿ ಗುಂಪಿನಲ್ಲೇ, ಯಾರಾದರೂ ನೋಡುತ್ತಿರುವಾಗಲೇ ನಡೆಯುವುದಕ್ಕೆ ಇದು ಒಂದು ಕಾರಣ.

ಆದರೂ ಮೆದುಳಿನ ಮೇಲೆ ಎಲ್ಲ ಹೊಣೆ ಹೊರಿಸಿ ಕೂರುವಂತಿಲ್ಲ. ಹದಿಹರೆಯದ ಮೆದುಳು ಪ್ರತಿಯೊಬ್ಬ ಹುಡುಗನಿಗೂ, ಪ್ರತಿಯೊಬ್ಬ ಹುಡುಗಿಗೂ ಇದೆ. ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮಂದಿ ಯಾರನ್ನೂ ಇರಿಯುವುದಿಲ್ಲ. ಈ ವಯಸ್ಸಿನ ಮೆದುಳು ಬೇಗ ಹೊತ್ತಿಕೊಳ್ಳುತ್ತದೆ, ನಿಜ. ಕಿಡಿ ಎಲ್ಲಿಂದ ಬಂತು ಎಂದು ಬೇರೆಡೆ ಹುಡುಕಬೇಕು.

ಮನೆಯಲ್ಲಿ ಕಲಿತದ್ದು

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ತಮಗೆ ಹೊಡೆತ ಬಿದ್ದಿದೆ ಎಂದಿದ್ದರು. ಹೊಡೆದವರಲ್ಲಿ ಮನೆಯವರೂ ಇದ್ದರು, ಶಿಕ್ಷಕರೂ ಇದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಮನೆಯೊಳಗಿನ ಬೆಲ್ಟು, ಕಡ್ಡಿ, ಬಾಸುಂಡೆಗಳನ್ನು ಕೇಳುವವರಿಲ್ಲ.

ಹೊಡೆತ ತಿಂದವನು ಹೊಡೆಯುವವನಾಗುತ್ತಾನೆ ಎಂಬ ಮಾತು ಎಷ್ಟು ನಿಜ? ಅಮೆರಿಕದ ಕ್ಯಾಥಿ ವಿಡಮ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನಿಖರ ಉತ್ತರ ಕೊಟ್ಟಿತು. ಬಾಲ್ಯದಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದದ್ದು ನ್ಯಾಯಾಲಯದಲ್ಲಿ ದಾಖಲಾಗಿದ್ದ ಮಕ್ಕಳಲ್ಲಿ ಶೇ 26ರಷ್ಟು ಮಂದಿ ಬಾಲಾಪರಾಧಕ್ಕಾಗಿ ಬಂಧಿತರಾದರು. ಅದೇ ವಯಸ್ಸಿನ, ಅದೇ ನೆರೆಹೊರೆಯ, ಹಾಗೆ ಹಿಂಸೆ ಕಾಣದ ಮಕ್ಕಳಲ್ಲಿ ಈ ಪ್ರಮಾಣ ಶೇ 17. ಅಪಾಯ ಹೆಚ್ಚುವುದು ಖಂಡಿತ. ಆದರೆ ಹಿಂಸೆ ಉಂಡ ನಾಲ್ವರಲ್ಲಿ ಮೂವರು ಅತ್ತ ಹೋಗಲೇ ಇಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಏನು ಎಂದು ಹುಡುಕಿದವರಿಗೆ ಮತ್ತೆ ಮತ್ತೆ ಸಿಗುವ ಉತ್ತರ ಒಂದೇ: ಮಗುವನ್ನು ನಂಬುವ, ಮಗು ನಂಬುವ ಒಬ್ಬ ಹಿರಿಯ ಜೀವ. ಅಜ್ಜಿಯಾದರೂ ಆದೀತು, ದೈಹಿಕ ಶಿಕ್ಷಣದ ಮೇಷ್ಟ್ರಾದರೂ ಆದೀತು.

ಹೊಡೆತ ಏನು ಕಲಿಸುತ್ತದೆ ಎಂಬುದನ್ನು ಕೆನೆತ್ ಡಾಡ್ಜ್ ಎಂಬ ಮನೋವಿಜ್ಞಾನಿ ಬಿಡಿಸಿ ತೋರಿಸಿದ್ದಾರೆ. ದಿನವೂ ಏಟು ತಿನ್ನುವ ಮಗು ಮುಂದಿನ ಏಟು ಎಲ್ಲಿಂದ ಬರುತ್ತದೋ ಎಂದು ಸದಾ ಎಚ್ಚರವಾಗಿರುತ್ತದೆ. ಆ ಎಚ್ಚರವೇ ಅಭ್ಯಾಸವಾಗುತ್ತದೆ. ತರಗತಿಯಲ್ಲಿ ಯಾರದೋ ಭುಜ ತಾಗಿದರೆ ಬೇರೆ ಮಕ್ಕಳು ಅಕಸ್ಮಾತ್ ತಾಗಿತು ಎಂದುಕೊಳ್ಳುತ್ತಾರೆ, ಈ ಮಗು ಬೇಕೆಂದೇ ತಳ್ಳಿದ ಎಂದುಕೊಳ್ಳುತ್ತದೆ. ತಳ್ಳಿದವನಿಗೆ ತಿರುಗಿಸಿ ಕೊಡುವುದು ಅದರ ಕಣ್ಣಿಗೆ ಆತ್ಮರಕ್ಷಣೆ. ಆಗ ಶಿಕ್ಷಕರು ಹೊಡೆಯುತ್ತಾರೆ, ಗೆಳೆಯರು ದೂರವಾಗುತ್ತಾರೆ. ಪ್ರಪಂಚವೆಲ್ಲ ನನ್ನ ಮೇಲೆಯೇ ಬಿದ್ದಿದೆ ಎಂಬ ನಂಬಿಕೆಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ.

ಎಲ್ಲ ಹುಡುಗರ ಹಿಂಸೆಯೂ ಒಂದೇ ಬಗೆಯದಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಆ ಅಧ್ಯಯನದ ಟೆರಿ ಮಾಫಿಟ್ 1993ರಲ್ಲಿ ಎರಡು ದಾರಿಗಳನ್ನು ಗುರುತಿಸಿದರು. ಮೂರು ನಾಲ್ಕು ವರ್ಷದಿಂದಲೇ ಹಟ, ಹೊಡೆದಾಟ, ಕಲಿಕೆಯ ತೊಂದರೆ ತೋರಿಸಿ, ದೊಡ್ಡವರಾದ ಮೇಲೂ ಬಿಡದವರು ಬಹಳ ಕಡಿಮೆ ಮಂದಿ. ಹದಿಮೂರರ ಸುಮಾರಿಗೆ ಶುರುಮಾಡಿ ಇಪ್ಪತ್ತು ದಾಟುವಷ್ಟರಲ್ಲಿ ತಾವೇ ನಿಲ್ಲಿಸುವವರು ಬಹಳಷ್ಟು ಮಂದಿ. ಮೊದಲ ಗುಂಪಿಗೆ ಅಂಗನವಾಡಿಯ ವಯಸ್ಸಿನಿಂದಲೇ ನೆರವು ಬೇಕು. ಎರಡನೆಯ ಗುಂಪಿನವರು ಆ ಕೆಲವು ವರ್ಷಗಳನ್ನು ದೊಡ್ಡ ಅನಾಹುತವಿಲ್ಲದೆ ದಾಟಿದರೆ ಸಾಕು, ನಮ್ಮ ನಿಮ್ಮಂತೆಯೇ ಸಂಸಾರಸ್ಥರಾಗುತ್ತಾರೆ. ಇಬ್ಬರನ್ನೂ ‘ರೌಡಿ’ ಎಂಬ ಒಂದೇ ಹಣೆಪಟ್ಟಿಯಡಿ ಸೇರಿಸಿದಾಗ ಎರಡನೆಯವನು ಮೊದಲನೆಯವನ ದಾರಿ ಹಿಡಿಯುತ್ತಾನೆ.

ಮಾನಸಿಕ ಕಾಯಿಲೆಯ ಮಾತೂ ಬರುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯೋಮಾನದಲ್ಲಿ ಶೇ 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿದೆ. ಅವರಲ್ಲಿ ಬಹುತೇಕರು ಹಿಂಸೆಯ ಹತ್ತಿರವೂ ಸುಳಿಯುವುದಿಲ್ಲ. ತಮ್ಮನ್ನು ತಾವು ನೋಯಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ಮೊಬೈಲ್ ಎಷ್ಟರ ಮಟ್ಟಿಗೆ ತಪ್ಪಿತಸ್ಥ?

ಹಿಂಸೆಯ ವಿಡಿಯೊ ಆಟ ಆಡಿದವನು ಹಿಂಸೆಗೆ ಇಳಿಯುತ್ತಾನೆ ಎಂಬ ವಾದ ಮೂರು ದಶಕಗಳಷ್ಟು ಹಳೆಯದು. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ತನ್ನ ಅಧಿಕೃತ ನಿಲುವನ್ನು ತಿದ್ದಿ ಸ್ಪಷ್ಟಪಡಿಸಿತು: ಇಂಥ ಆಟಗಳಿಗೂ ಕೂಗಾಟ, ತಳ್ಳಾಟದಂಥ ಒರಟುತನಕ್ಕೂ ಸಣ್ಣ ನಂಟಿದೆ. ಆದರೆ ಕೊಲೆ, ಮಾರಣಾಂತಿಕ ಹಲ್ಲೆಗಳಿಗೆ ಆಟವೇ ಕಾರಣ ಎನ್ನಲು ಸಾಕಷ್ಟು ಪುರಾವೆಯಿಲ್ಲ. ಆಟದ ಹುಚ್ಚು ಅತಿಯಾಗಿರುವ ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಹಿಂಸಾತ್ಮಕ ಅಪರಾಧ ತೀರ ಕಡಿಮೆ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು.

ಹಾಗೆಂದು ಮೊಬೈಲಿಗೆ ಪೂರ್ತಿ ಬಿಡುಗಡೆಯಿಲ್ಲ. ಅದರ ದೊಡ್ಡ ಅಪಾಯ ಬೇರೆಡೆ ಇದೆ. ಹಿಂದೆ ಶಾಲೆಯ ಜಗಳ ಸಂಜೆಯ ಗಂಟೆಯೊಂದಿಗೆ ಮುಗಿಯುತ್ತಿತ್ತು. ಮನೆಗೆ ಹೋಗಿ ಉಂಡು ಮಲಗಿ ಎದ್ದರೆ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಈಗ ಹುಡುಗನಿಗೆ ಬಿದ್ದ ಏಟಿನ ವಿಡಿಯೊ ಅವನಿಗಿಂತ ಮೊದಲು ಅವನ ಓಣಿ ತಲುಪಿರುತ್ತದೆ. ಅವನು ಮಲಗಿದಾಗಲೂ ನಗುವ ಇಮೋಜಿಗಳು ಬಂದು ಬೀಳುತ್ತಿರುತ್ತವೆ. ಮೊಬೈಲ್ ಹಿಂಸೆ ಕಲಿಸಿತು ಎನ್ನುವುದಕ್ಕಿಂತ, ಸಿಟ್ಟು ಆರುವುದಕ್ಕೆ ಇದ್ದ ಹೊತ್ತನ್ನು ಕಿತ್ತುಕೊಂಡಿತು ಎನ್ನುವುದು ಸತ್ಯಕ್ಕೆ ಹತ್ತಿರ. ತಡರಾತ್ರಿಯವರೆಗಿನ ಪರದೆ ನಿದ್ದೆಯನ್ನೂ ಕಸಿಯುತ್ತದೆ. ನಿದ್ದೆಗೆಟ್ಟ ಮೈಗೆ ಸಿಟ್ಟು ಬೇಗ.

ಇದರ ಜೊತೆಗೆ ಆಯುಧವನ್ನು ಅಲಂಕಾರ ಮಾಡಿ ತೋರಿಸುವ ಚಾಳಿ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಕಿರುತೆರೆಯ ಇಬ್ಬರನ್ನು ಪೊಲೀಸರು ಬಂಧಿಸಿದ್ದರು. ಪರದೆಯ ಮೇಲಿನ ‘ಲಾಂಗ್’ ನೋಡಿದ ಹುಡುಗ ಮರುದಿನವೇ ಕೊಲೆಗೆ ಹೊರಡುವುದಿಲ್ಲ. ಆದರೆ ಹೆದರಿಸಬಲ್ಲವನೇ ಗಂಡಸು, ಬಗ್ಗಿದವನು ಹೇಡಿ ಎಂಬ ಪಾಠಕ್ಕೆ ಅದೂ ಒಂದು ಅಧ್ಯಾಯವಾಗುತ್ತದೆ. ಆ ಪಾಠದ ಮೊದಲ ಅಧ್ಯಾಯ ಮನೆಯಲ್ಲೇ, ‘ಹೊಡೆಸಿಕೊಂಡು ಬಂದೆಯಾ? ಹೋಗಿ ಹೊಡೆದು ಬಾ’ ಎಂಬ ಮಾತಿನಲ್ಲಿ ಮುಗಿದಿರುತ್ತದೆ.

16ರೊಳಗಿನವರಿಗೆ ಸಾಮಾಜಿಕ ಜಾಲತಾಣಗಳನ್ನೇ ಮುಚ್ಚುವ ಕಾನೂನನ್ನು ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿದೆ. ಬಾಯಿಬಿಟ್ಟು ಹೇಳಿಕೊಳ್ಳಲು ಮನೆಯಲ್ಲೂ ಶಾಲೆಯಲ್ಲೂ ಯಾರಿಲ್ಲದ ಮಗುವಿಗೆ ಜಾಲತಾಣ ಮುಚ್ಚಿದ ಮಾತ್ರಕ್ಕೆ ಅಂಥವರು ಸಿಕ್ಕಿಬಿಡುವುದಿಲ್ಲ ಎಂಬ ಎಚ್ಚರ ಮಾತ್ರ ನಮಗಿರಬೇಕು.

ಹುಡುಗರನ್ನು ಬಳಸಿಕೊಳ್ಳುವ ದೊಡ್ಡವರು

ಶಾಲೆ ಬಿಟ್ಟ ಹದಿನಾಲ್ಕು ಹದಿನೈದರ ಹುಡುಗನಿಗೆ ಸಿಗುವ ಗೌರವದ ಜಾಗಗಳು ಬಹಳ ಕಡಿಮೆ. ಗ್ಯಾರೇಜು, ಗಾರೆ ಕೆಲಸ, ಹೋಟೆಲು. ಅಲ್ಲಿ ಬೈಗುಳ ಹೆಚ್ಚು, ಕೂಲಿ ಕಡಿಮೆ. ಆಗ ಓಣಿಯ ‘ಅಣ್ಣ’ ಒಬ್ಬ ಬೈಕು ಕೊಟ್ಟು, ಬಿರಿಯಾನಿ ಕೊಡಿಸಿ, ಹೆಸರು ಹಿಡಿದು ಕರೆಯುತ್ತಾನೆ. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವ ಚಟವಿರುವ ಹುಡುಗನನ್ನು ಅಣ್ಣ ತನ್ನ ಕಡೆ ಎಳೆದುಕೊಳ್ಳುವುದು ಇನ್ನೂ ಸುಲಭ. ಹುಡುಗ ಗಾಂಜಾ ಪೊಟ್ಟಣ ಸಾಗಿಸುತ್ತಾನೆ, ಹಲ್ಲೆಗೆ ಜೊತೆಯಾಗುತ್ತಾನೆ. ‘ನಿನಗೆ ಹದಿನೆಂಟಾಗಿಲ್ಲ, ಏನೂ ಆಗಲ್ಲ’ ಎಂಬ ಧೈರ್ಯವನ್ನೂ ಅಣ್ಣನೇ ಕೊಡುತ್ತಾನೆ.

ಮಕ್ಕಳನ್ನು ಹೀಗೆ ಬಳಸಿಕೊಳ್ಳುವ ವಯಸ್ಕರಿಗೆ ಬಾಲನ್ಯಾಯ ಕಾಯ್ದೆಯ 83ನೇ ಸೆಕ್ಷನ್ ಏಳು ವರ್ಷದವರೆಗಿನ ಕಠಿಣ ಸಜೆ ಮತ್ತು ಐದು ಲಕ್ಷ ರೂಪಾಯಿ ದಂಡ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 95ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ ಮೂರರಿಂದ ಹತ್ತು ವರ್ಷದ ಸಜೆ ವಿಧಿಸುತ್ತದೆ. ದೊಡ್ಡವರಂತೆ ಶಿಕ್ಷಿಸುವ ವಯಸ್ಸು ಇಳಿಸಬೇಕು ಎಂಬ ಕೂಗಿನ ಹತ್ತರಲ್ಲೊಂದು ಪಾಲು ಗಟ್ಟಿತನದಲ್ಲಾದರೂ ಈ ಸೆಕ್ಷನ್‌ಗಳನ್ನು ಬಳಸಿ ಎಂಬ ಕೂಗು ಏಕೆ ಕೇಳಿಬರುವುದಿಲ್ಲ?

ಶಿಕ್ಷೆಯ ವಯಸ್ಸು: ಜಗ್ಗಾಟ ಎಲ್ಲಿದೆ

1986ರ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಬಾಲ್ಯದ ಗಡಿಯಾಗಿತ್ತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಅದಕ್ಕೆ ಹೊಂದುವಂತೆ 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರ ಪ್ರಕರಣದಲ್ಲಿ ಒಬ್ಬ ಆರೋಪಿಗೆ 18 ತುಂಬಲು ಕೆಲವು ತಿಂಗಳು ಬಾಕಿಯಿತ್ತು. ಅವನು ಮೂರು ವರ್ಷ ಬಾಲಾಪರಾಧಿಗಳ ವಿಶೇಷ ಗೃಹದಲ್ಲಿದ್ದು 2015ರ ಡಿಸೆಂಬರ್ 20ರಂದು ಹೊರಬಂದ. ಎರಡೇ ದಿನದಲ್ಲಿ ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಂದು ಅದು ಜಾರಿಗೆ ಬಂತು.

ಈಗಿನ ನಿಯಮ ಹೀಗಿದೆ. 7 ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವೇ ಅಲ್ಲ. 7ರಿಂದ 12ರ ನಡುವಿನ ಮಗುವಿಗೆ ತನ್ನ ಕೃತ್ಯದ ಪರಿಣಾಮ ತಿಳಿಯುವ ಪ್ರೌಢಿಮೆ ಇರಲಿಲ್ಲವೆಂದಾದರೆ ಅದೂ ಅಪರಾಧವಲ್ಲ. 16 ತುಂಬದವರು ಏನೇ ಮಾಡಿದ್ದರೂ ಬಾಲನ್ಯಾಯ ಮಂಡಳಿಯ ಮುಂದೆಯೇ ವಿಚಾರಣೆ, ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ. 16ರಿಂದ 18ರವರು ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಹೇಯ ಅಪರಾಧದ ಆರೋಪಿಗಳಾಗಿದ್ದರೆ ಮಂಡಳಿ ಅವರ ಮಾನಸಿಕ, ದೈಹಿಕ ಸಾಮರ್ಥ್ಯವನ್ನೂ, ಪರಿಣಾಮದ ಅರಿವನ್ನೂ, ಕೃತ್ಯ ನಡೆದ ಸನ್ನಿವೇಶವನ್ನೂ ಪರಿಶೀಲಿಸಿ, ವಯಸ್ಕರಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಅಲ್ಲಿಯೂ ಮರಣದಂಡನೆಯಾಗಲಿ, ಬಿಡುಗಡೆಯೇ ಇಲ್ಲದ ಜೀವಾವಧಿಯಾಗಲಿ ಇಲ್ಲ.

ಮಗನನ್ನು ಕಳೆದುಕೊಂಡ ಮನೆಯವರಿಗೆ ಮೂರು ವರ್ಷ ಎಂಬುದು ಅನ್ಯಾಯವಾಗಿ ಕಂಡರೆ ಅದನ್ನು ತಪ್ಪೆನ್ನಲಾಗದು. ಸತ್ತ ಮಗುವಿಗೂ ಹಕ್ಕುಗಳಿದ್ದವು. 2024ರ ಪುಣೆಯ ಪೋರ್ಷೆ ಕಾರು ಅಪಘಾತದಲ್ಲಿ ಇಬ್ಬರ ಸಾವಿಗೆ ಕಾರಣನಾದ 17ರ ಹುಡುಗನಿಗೆ ಜಾಮೀನು ಕೊಡುವಾಗ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದು ಇಡೀ ಬಾಲನ್ಯಾಯ ವ್ಯವಸ್ಥೆಯ ಮೇಲಿನ ನಂಬಿಕೆಯನ್ನೇ ಅಲುಗಿಸಿತು. ದುಡ್ಡಿದ್ದವರಿಗೆ ಒಂದು ನ್ಯಾಯ ಎಂಬ ಅನುಮಾನ ಅಂದಿನಿಂದ ಹೋಗಿಲ್ಲ.

ಆದರೆ ಪ್ರಶ್ನೆ ಇರುವುದು, ವಯಸ್ಸು ಇಳಿಸಿದರೆ ಹಿಂಸೆ ಇಳಿಯುತ್ತದೆಯೇ ಎಂಬುದು. ಅಮೆರಿಕದಲ್ಲಿ 1990ರ ದಶಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದರು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2007ರಲ್ಲಿ ಪ್ರಕಟಿಸಿದ ತಜ್ಞರ ವರದಿ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ವಯಸ್ಕರ ನ್ಯಾಯಾಲಯಕ್ಕೆ ಹೋದ ಹುಡುಗರು ಹೊರಬಂದ ಮೇಲೆ ಹಿಂಸಾಚಾರಕ್ಕೆ ಮರಳುವುದು ಹೆಚ್ಚು ಎಂಬ ತೀರ್ಮಾನಕ್ಕೆ ಬಂತು. ಕಾರಣ ಊಹಿಸುವುದು ಕಷ್ಟವಲ್ಲ. ಪಳಗಿದ ಅಪರಾಧಿಗಳ ಸಹವಾಸ, ತಪ್ಪಿದ ಓದು, ಕೆಲಸ ಸಿಗದಂತೆ ಅಂಟಿಕೊಂಡ ದಾಖಲೆ. ಹದಿನಾರಕ್ಕೆ ಒಳಗೆ ಹೋದವನು ಎಂದಾದರೂ ಹೊರಗೆ ಬರುತ್ತಾನೆ. ಯಾವ ರೂಪದಲ್ಲಿ ಬರುತ್ತಾನೆ ಎಂಬುದು ನಮ್ಮೆಲ್ಲರ ಸುರಕ್ಷತೆಯ ಪ್ರಶ್ನೆ.

ಪರಿಶೀಲನೆಯ ವಿಧಾನದಲ್ಲೂ ಒಂದು ಮೂಲಭೂತ ತೊಡಕಿದೆ. ಮಂಡಳಿಯ ಮುಂದೆ ತಣ್ಣಗೆ ಕೂತ ಹುಡುಗನಿಗೆ ‘ಇರಿದರೆ ಏನಾಗುತ್ತದೆ’ ಎಂದು ಕೇಳಿದರೆ ‘ಸಾಯುತ್ತಾರೆ’ ಎಂದೇ ಹೇಳುತ್ತಾನೆ. ಅವನಿಗೆ ಆ ತಿಳಿವಳಿಕೆ ಬಂದು ವರ್ಷಗಳಾಗಿವೆ. ಹತ್ತು ಜನ ಕೂಗುತ್ತಿರುವಾಗ ಬೀದಿಯಲ್ಲಿ ಆ ತಿಳಿವಳಿಕೆ ಅವನ ಕೈ ಹಿಡಿಯಿತೇ ಎಂಬುದನ್ನು ತಿಂಗಳುಗಳ ನಂತರ ಕೋಣೆಯೊಳಗೆ ಅಳೆಯುವುದು ಹೇಗೆ? ಈ ಪರಿಶೀಲನೆ ಬಹಳ ನಾಜೂಕಿನದು, ಪರಿಣತರ ನೆರವು ಬೇಕು ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿ ಮಾರ್ಗಸೂಚಿ ರೂಪಿಸಲು ಸೂಚಿಸಿದ್ದು ಇದೇ ಕಾರಣಕ್ಕೆ.

ತಾಮರಶ್ಶೇರಿಯಲ್ಲಿ ಆರೋಪಿ ವಿದ್ಯಾರ್ಥಿಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ಬಿಡಬೇಕೇ ಎಂಬ ಬಗ್ಗೆಯೇ ದೊಡ್ಡ ಪ್ರತಿಭಟನೆ ನಡೆಯಿತು. ಕೊನೆಗೆ ಆರೋಪಿ ಮಕ್ಕಳನ್ನು ಇರಿಸುವ ವೀಕ್ಷಣಾಲಯದೊಳಗೇ ಬರೆಸಿದರು. ಫಲಿತಾಂಶ ತಡೆಹಿಡಿದಾಗ ಹೈಕೋರ್ಟ್ ಪ್ರಶ್ನಿಸಿತು, ಆಮೇಲೆ ಪ್ರಕಟಿಸಿದರು. ಸತ್ತ ಹುಡುಗನ ಮನೆಯವರಿಗೆ ಅದು ಗಾಯದ ಮೇಲಿನ ಉಪ್ಪು. ಆದರೆ ಅಪರಾಧ ಇನ್ನೂ ಸಾಬೀತಾಗದ ಮಗುವಿನ ಓದನ್ನು ಕಡಿದು ಹಾಕುವುದರಿಂದ ಯಾರಿಗೆ ನ್ಯಾಯ ಸಿಗುತ್ತಿತ್ತು ಎಂಬುದಕ್ಕೆ ನನಗೆ ಉತ್ತರ ಕಾಣುವುದಿಲ್ಲ.

ಇರುವ ವ್ಯವಸ್ಥೆಯ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ದೇಶದ 362 ಬಾಲನ್ಯಾಯ ಮಂಡಳಿಗಳನ್ನು ಅಧ್ಯಯನ ಮಾಡಿದ ಇಂಡಿಯಾ ಜಸ್ಟಿಸ್ ರಿಪೋರ್ಟ್ ಪ್ರಕಾರ 2023ರ ಅಕ್ಟೋಬರ್ ಕೊನೆಗೆ ಶೇ 55ರಷ್ಟು ಪ್ರಕರಣಗಳು ಬಾಕಿಯಿದ್ದವು. ಒಡಿಶಾದಲ್ಲಿ ಶೇ 83. ಕರ್ನಾಟಕ ಶೇ 35ರೊಂದಿಗೆ ಪರವಾಗಿಲ್ಲ ಎನ್ನುವಂತಿತ್ತು. ಹದಿನೈದಕ್ಕೆ ಸಿಕ್ಕಿಬಿದ್ದವನ ಪ್ರಕರಣ ಹತ್ತೊಂಬತ್ತಕ್ಕೆ ತೀರ್ಮಾನವಾದರೆ ಅದರಲ್ಲಿ ಶಿಕ್ಷೆಯ ಭಯವೂ ಇಲ್ಲ, ತಿದ್ದುವ ಅವಕಾಶವೂ ಇಲ್ಲ.

ತಡೆಯುವುದು ಸಾಧ್ಯವೇ?

ಷಿಕಾಗೊ ನಗರದ ಬಡ ಬಡಾವಣೆಗಳ ಶಾಲೆಗಳಲ್ಲಿ ಹುಡುಗರಿಗಾಗಿ ವಾರಕ್ಕೊಂದು ತರಗತಿ ನಡೆಯುತ್ತದೆ. ಮೊದಲ ದಿನ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬನ ಕೈಗೆ ಚೆಂಡು ಕೊಟ್ಟು, ಅವನ ಮುಷ್ಟಿಯಿಂದ ಅದನ್ನು ಪಡೆಯಲು ಇನ್ನೊಬ್ಬನಿಗೆ ಅರ್ಧ ನಿಮಿಷ ಕೊಡುತ್ತಾರೆ. ಎಲ್ಲರೂ ತಿರುಚುತ್ತಾರೆ, ಎಳೆಯುತ್ತಾರೆ, ಜಗ್ಗಾಡುತ್ತಾರೆ. ಮುಗಿದ ಮೇಲೆ ಮಾರ್ಗದರ್ಶಕ ಕೇಳುತ್ತಾನೆ: ‘ಚೆಂಡು ಕೊಡು ಎಂದು ಯಾರೂ ಯಾಕೆ ಕೇಳಲಿಲ್ಲ?’ ಕೇಳಿದರೆ ಹೇಡಿ ಎಂದುಕೊಳ್ಳುತ್ತಿದ್ದ ಎನ್ನುತ್ತಾನೆ ಒಬ್ಬ. ಮುಷ್ಟಿ ಹಿಡಿದಿದ್ದವನೋ, ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ, ಒಂದು ಚೆಂಡು ತಾನೆ ಎನ್ನುತ್ತಾನೆ.

ಚೀಟಿ ಎತ್ತಿ ಕೆಲವರನ್ನು ಈ ತರಗತಿಗೆ ಸೇರಿಸಿ, ಉಳಿದವರೊಂದಿಗೆ ಹೋಲಿಸಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತರಗತಿ ನಡೆಯುತ್ತಿದ್ದ ಅವಧಿಯಲ್ಲಿ ಹಿಂಸಾತ್ಮಕ ಅಪರಾಧಕ್ಕಾಗಿ ಬಂಧನಗಳು ಶೇ 45ರಿಂದ 50ರಷ್ಟು ಇಳಿದಿದ್ದವು. ತರಗತಿ ನಿಂತ ಮೇಲೆ ಆ ಪರಿಣಾಮ ಕರಗಿತು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ಅಂದರೆ ಒಂದು ದಿನದ ಉಪನ್ಯಾಸ, ಒಂದು ಪ್ರತಿಜ್ಞಾವಿಧಿ, ಒಂದು ಜಾಥಾದಿಂದ ಆಗುವ ಕೆಲಸ ಇದಲ್ಲ.

ನಮ್ಮಲ್ಲಿ ಇದಕ್ಕೆ ಬೇಕಾದ ಜ್ಞಾನ ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಹದಿಹರೆಯದವರ ಸಿಟ್ಟು, ಚಟ, ಕಾನೂನಿನ ಸಂಘರ್ಷಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅದರ ‘ಸಂವಾದ್’ ಘಟಕ ದೇಶದ ಬಾಲನ್ಯಾಯ ಮಂಡಳಿಗಳಿಗೂ ಮಕ್ಕಳ ಪಾಲನಾ ಸಂಸ್ಥೆಗಳ ಸಿಬ್ಬಂದಿಗೂ ತರಬೇತಿ ಕೊಡುತ್ತದೆ. ಕೊರತೆ ಇರುವುದು ಆ ಜ್ಞಾನ ತಾಲ್ಲೂಕಿನ ಶಾಲೆಯ ಕೊಠಡಿ ತಲುಪುವ ದಾರಿಯಲ್ಲಿ.

ಆ ದಾರಿ ಈಗ ಕಾನೂನಿನ ಮಾತೂ ಆಗಿದೆ. ವಿಶಾಖಪಟ್ಟಣದ ನೀಟ್ ಅಭ್ಯರ್ಥಿಯೊಬ್ಬರ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆ ಅರ್ಹ ಆಪ್ತಸಮಾಲೋಚಕರನ್ನೋ ಮನೋವಿಜ್ಞಾನಿಯನ್ನೋ ಸಮಾಜ ಕಾರ್ಯಕರ್ತರನ್ನೋ ಒಬ್ಬರನ್ನಾದರೂ ನೇಮಿಸಿಕೊಳ್ಳಬೇಕು, ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಆತ್ಮಹತ್ಯೆ ತಡೆಯಲು ಬಂದ ಆದೇಶವಿದು. ಆದರೆ ತನ್ನನ್ನೇ ನೋಯಿಸಿಕೊಳ್ಳುವ ಮಗುವಿಗೂ ಇನ್ನೊಬ್ಬರನ್ನು ನೋಯಿಸಲು ಹೊರಟ ಮಗುವಿಗೂ ಬೇಕಿರುವುದು ಆ ಒಂದೇ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುವ ಮನುಷ್ಯ. ತರಗತಿಯಲ್ಲಿ ಜಗಳವಾದರೆ ಆ ಸಂಜೆಯೇ ಎರಡೂ ಕಡೆಯವರನ್ನು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸುವುದು, ಗುಂಪಿನಲ್ಲಿ ಏನು ಹರಿದಾಡುತ್ತಿದೆ ಎಂದು ಹೇಳಿದ ಮಗುವನ್ನು ಚಾಡಿಕೋರ ಎನ್ನದೆ ಕಾಪಾಡುವುದು, ಮನೆಯವರಿಗೆ ಬೆದರಿಕೆ ಹಾಕದೆ ವಿಷಯ ತಿಳಿಸುವುದು ಅವರ ಕೆಲಸ.

ನಿಮ್ಮೂರಿನ ಸರ್ಕಾರಿ ಶಾಲೆಯಲ್ಲಾದರೆ ಎಸ್‌ಡಿಎಂಸಿ ಸಭೆಯಲ್ಲಿ, ಖಾಸಗಿ ಶಾಲೆಯಲ್ಲಾದರೆ ಪೋಷಕರ ಸಭೆಯಲ್ಲಿ ಈ ಆದೇಶದ ಪಾಲನೆ ಎಲ್ಲಿಗೆ ಬಂತು ಎಂದು ಕೇಳುವ ಹಕ್ಕು ಪ್ರತಿ ತಂದೆ ತಾಯಿಗೂ ಇದೆ. ನೇಮಕ ಆಗುವವರೆಗೆ ಮಕ್ಕಳ ಸಹಾಯವಾಣಿ 1098, ಕನ್ನಡದಲ್ಲೂ ಮಾತಾಡಬಹುದಾದ ಟೆಲಿ ಮನಸ್ 14416 ಹಗಲು ರಾತ್ರಿ ತೆರೆದಿವೆ. ಮಗನ ಬ್ಯಾಗಿನಲ್ಲಿ ಚಾಕು ಕಂಡ ತಾಯಿ ಅಲ್ಲಿಗೆ ಕರೆ ಮಾಡಿದರೆ ಮಗನ ಮೇಲೆ ದೂರು ಕೊಟ್ಟಂತೆ ಆಗುವುದಿಲ್ಲ.